ಮುಚ್ಚಿದ ತಂಬಿಗೆ

"ತಂಬಿಗಿ ಇಲ್ಲಿ ಕೊಡು."

ಗುರುದೇವಿ ಕೊಡಲಿಲ್ಲ. ಎಮ್ಮೆಯ ಕೆಚ್ಚಲ ಬಳಿ ಕುಳಿತವಳು ಹಾಲಿನ ತಂಬಿಗೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು. ಜೋಳದ ಕಣಕಿಯ ತಟ್ಟಿಯ ಆಚೆ ಅವಳ ಐದು ತಿಂಗಳ ಮಗಳು ನೀಲಮ್ಮ ಅಳುತ್ತಿದ್ದಳು. ಅಳು ಎಂದರೆ ಎಂಥ ಅಳು... ಗಂಟಲಲ್ಲಿ ದನಿಯೇ ಉಳಿಯದೆ, ಬಾಯಿ ಮಾತ್ರ ತೆರೆದು ಮುಚ್ಚುವ ಅಳು. ಹೊಳೆ ಬಂದುಹೋದ ಮೇಲೆ ಗುರುದೇವಿಗೆ ಹಿಡಿದ ಜ್ವರ ಅವಳ ಎದೆಹಾಲನ್ನು ಪೂರ್ತಿ ಬತ್ತಿಸಿಬಿಟ್ಟಿತ್ತು.

"ಅತ್ತಿ, ಒಂದೇ ಬಟ್ಟಲ ತೊಗೋತೀನಿ. ಕೂಸು ಹಸ್ಕೊಂಡು ಒದ್ದಾಡಲಿಕತ್ತದ."

"ಪೈಲವಾನನ ಖುರಾಕಿನ್ಯಾಗ ಕೈ ಹಾಕಬಾರ್ದು ಅಂತ ಎಷ್ಟು ಸಲ ಹೇಳ್ಬೇಕು ನಿನಗ? ಕೂಸಿಗಿ ಗಂಜಿ ಕುಡಿಸು. ನಾವೇನು ಹಾಲು ಕುಡಿದೇ ಬೆಳೆದೇವೇನು?"

ಸೂಗಮ್ಮ ಬಾಗಿ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಂಬಿಗೆಯನ್ನು ಕಿತ್ತುಕೊಂಡಳು. ಅದರ ಬಾಯಿಗೆ ಬಿಳಿ ಅರಿವೆ ಕಟ್ಟಿ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಕಿರಿಯ ಮಗ ರೇವಣಸಿದ್ದನ ಕೈಗಿತ್ತಳು. ಹದಿನಾರರ ಹುಡುಗ. ತಾಯಿಯ ಮುಖ ನೋಡಲಿಲ್ಲ, ವೈನಿ ಗುರುದೇವಿಯ ಮುಖವನ್ನಂತೂ ನೋಡಲೇ ಇಲ್ಲ. ತಂಬಿಗೆ ಹಿಡಿದು ತಾಲೀಮಿನ, ಎಂದರೆ ಗರಡಿಮನೆಯ, ಕಡೆ ನಡೆದುಬಿಟ್ಟ.

ಇಷ್ಟು ಕೇಳಿಯೇ ಸೂಗಮ್ಮನನ್ನು ರಾಕ್ಷಸಿ ಎಂದು ನೀವು ತೀರ್ಮಾನಿಸಿದರೆ ನನ್ನ ತಕರಾರೇನೂ ಇಲ್ಲ. ಆದರೆ ಅವಳ ಸಂಕಟವನ್ನೂ ಒಂದಿಷ್ಟು ಕೇಳಬೇಕು. ಹೋದ ಭಾದ್ರಪದದಲ್ಲಿ ಕಾಗಿಣಾ ಹೊಳೆ ಉಕ್ಕಿ ಮಾಲಗುಂಡಿ ಊರನ್ನು ನುಂಗಿತು. ನೀರು ಹೊಸ್ತಿಲು ದಾಟಿದಾಗ ಅವಳ ಗಂಡ ಗುರುಲಿಂಗಪ್ಪ ಮನೆಯವರನ್ನೆಲ್ಲ ದಿಬ್ಬಕ್ಕೆ ಅಟ್ಟಿ, ತಾನು ದನಗಳ ಹಗ್ಗ ಕೊಯ್ಯಲು ಕೊಟ್ಟಿಗೆಗೆ ಹೋದ. ಈ ಎಮ್ಮೆಯೊಂದು ಈಜಿ ಮೇಲೆ ಬಂತು. ಅವನು ಬರಲಿಲ್ಲ. ಹರೆಯದಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲ ಕಡೆ ಕುಸ್ತಿ ಗೆದ್ದ ಮನುಷ್ಯ, ಕೆಸರಿನಲ್ಲಿ ಮುಖ ಕೆಳಗಾಗಿ ಸಿಕ್ಕಿದ. ಅಂದಿನಿಂದ ಸೂಗಮ್ಮನ ಬಾಯಲ್ಲಿ ಒಂದೇ ಜಪ. ಈ ಎಮ್ಮೆಗಾಗಿ ನನ್ನ ಗಂಡ ಪ್ರಾಣ ಬಿಟ್ಟ, ಇದರ ಹಾಲು ಅವನ ಹೆಸರು ಎತ್ತುವ ಮಗನಿಗೇ ಸೇರಬೇಕು! ದುಃಖಕ್ಕೆ ತಲೆ ಇರುವುದಿಲ್ಲ ನೋಡಿ.

ಊರ ಹಿರಿಯರಿಗಾದರೂ ತಲೆ ಇರಬೇಕಿತ್ತು. ದಿಬ್ಬದ ಮೇಲೆ ಹೊಸ ಊರು ಕಟ್ಟಲು ಹೊರಟವರು ಮೊದಲು ಕಟ್ಟಿದ್ದು ತಾಲೀಮನ್ನು. ಬಾಣಂತಿಯರು ಕಣಕಿಯ ತಟ್ಟಿಯ ಹಿಂದೆ ಚಳಿಗೆ ನಡುಗುತ್ತಿದ್ದರು. ಹುಡುಗರು ಬೈಠಕ್ ಹೊಡೆಯುವ ಕೋಣೆಗೆ ಮಾತ್ರ ಶಹಾಬಾದಿನ ಪರಸಿಕಲ್ಲಿನ ಗೋಡೆ ಎದ್ದಿತು. ಕೇಳಿದರೆ ಅವರದೂ ಒಂದು ನ್ಯಾಯ. ಅರ್ಧ ಊರು ಶಹಾಬಾದಿನ ಕಲ್ಲಿನ ಗಣಿಗೆ, ವಾಡಿಯ ರೈಲು ಕೆಲಸಕ್ಕೆ ಹೋಗಿಯಾಗಿದೆ, ತಾಲೀಮಿನ ಸದ್ದು ಕೇಳಿಸಿದರೆ ಉಳಿದ ಹುಡುಗರಾದರೂ ನಿಲ್ಲುತ್ತಾರೆ ಎಂದು. ಸಂಕ್ರಾಂತಿ ಮುಗಿದ ಮೇಲೆ ಚಿತ್ತಾಪುರದಲ್ಲಿ ಹುಡುಗರ ಕುಸ್ತಿ ಇತ್ತು. ರೇವಣ ಅಲ್ಲಿ ಗೆದ್ದರೆ ಮಾಲಗುಂಡಿ ಸತ್ತಿಲ್ಲ ಎಂದು ತಾಲೂಕಿಗೆಲ್ಲ ಗೊತ್ತಾಗುತ್ತದಂತೆ. ಗೆದ್ದವನಿಗೆ ಸಿಗುವುದೇನು? ಒಂದು ರುಮಾಲು, ಒಂದು ತೆಂಗಿನಕಾಯಿ. ಅದಕ್ಕಾಗಿ ಒಂದು ಹಸುಗೂಸು ಉಪವಾಸ!

ಗುರುದೇವಿಯ ಗಂಡ ಮಾಣಿಕಪ್ಪ ಶಹಾಬಾದಿನಲ್ಲಿ ಪರಸಿ ಕಡಿಯುತ್ತಿದ್ದ. ರಜೆಯ ದಿನ ಬಂದಾಗಲೆಲ್ಲ ಅವಳು ಅವನೆದುರು ಗೋಳಾಡುತ್ತಿದ್ದಳು.

"ನಿಮ್ಮ ಅವ್ವಗ ಒಂದು ಮಾತು ಹೇಳ್ರಿ. ಪೂರಾ ಬ್ಯಾಡ, ಒಂದು ಬಟ್ಟಲ ಕೊಡ್ಲಿ."

"ಅಪ್ಪ ಹೋದ ದುಃಖದಾಗ ಅದಾಳ ಅಕಿ. ನಾ ಏನಂತ ಹೇಳ್ಲಿ? ಕುಸ್ತಿ ಮುಗಿಯೂತನಾ ತಡ್ಕೋ."

"ಹಸಿವು ತಡೀತದೇನ್ರಿ ಕುಸ್ತಿ ಮುಗಿಯೂತನಾ?"

ಮಾಣಿಕಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅವನಿಗೆ ಗೊತ್ತಿದ್ದ ಉತ್ತರ ಅದೊಂದೇ. ಇಂಥ ಗಂಡಸರನ್ನು ಒಳ್ಳೆಯವರು ಎಂದು ಊರು ಹೊಗಳುತ್ತದೆ, ಅದೇ ನನಗೆ ಮೈ ಉರಿಯುವ ವಿಷಯ.

ಆದರೆ ಗುರುದೇವಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದ್ದದ್ದು ಮೈದುನನ ಮೇಲೆ. ಹೊಳೆ ಬಂದ ದಿನ ಎಳೆಗೂಸು ನೀಲಮ್ಮನನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಕುತ್ತಿಗೆಮಟ ನೀರಿನಲ್ಲಿ ನಡೆದು ದಿಬ್ಬ ಹತ್ತಿದವನು ಇದೇ ರೇವಣ. ಅಂದು ಅವಳು ಅವನ ಕಾಲಿಗೆ ಬೀಳಲು ಹೋಗಿದ್ದಳು. ಈಗ ಅದೇ ಹುಡುಗ ಅದೇ ಕೂಸಿನ ಪಾಲನ್ನು ಹೊತ್ತು ಹೊತ್ತಿಗೆ ಕುಡಿದು ಬಾಯಿ ಒರೆಸಿಕೊಂಡು ಬರುತ್ತಾನೆ! ಉಳಿಸಿದ್ದು ಯಾಕಾಗಿ, ಹೀಗೆ ಹಸಿವಿನಲ್ಲಿ ಒಣಗಿಸಿ ಕೊಲ್ಲಲೆಂದೇ? ಅವನು ಹಾದುಹೋದಾಗಲೆಲ್ಲ ಅವಳು ಬೇಕೆಂದೇ ಬೆನ್ನು ತಿರುಗಿಸುತ್ತಿದ್ದಳು. ಅವನು ಒಂದು ದಿನವೂ ಬಾಯಿ ಬಿಡಲಿಲ್ಲ.

ಖುರಾಕಿನ ಕಟ್ಟಳೆ ಆ ಕಡೆ ಎಲ್ಲರಿಗೂ ಗೊತ್ತು. ಪೈಲವಾನನ ಹಾಲನ್ನು ಮುಚ್ಚಿಯೇ ಒಯ್ಯಬೇಕು. ಸಾಮು ಮುಗಿಸಿ, ತಾಲೀಮಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅವನೊಬ್ಬನೇ ಕುಡಿಯಬೇಕು. ಕುಡಿಯುವುದನ್ನು ಯಾರೂ ನೋಡಬಾರದು, ಎಷ್ಟು ಕುಡಿದೆ ಎಂದು ಕೇಳಲೂಬಾರದು, ದಿಷ್ಟಿ ತಾಕುತ್ತದೆ. ಹೆಂಗಸರಂತೂ ತಾಲೀಮಿನ ಹೊಸ್ತಿಲು ತುಳಿಯುವಂತಿಲ್ಲ. ಹೀಗಾಗಿ ಸೂಗಮ್ಮ ಬೇಲಿಯವರೆಗೆ ಮಗನ ಹಿಂದೆ ಹೋಗಿ, ಅಲ್ಲೇ ನಿಂತು, ಖಾಲಿ ತಂಬಿಗೆ ಇಸಿದುಕೊಂಡು ಬರುತ್ತಿದ್ದಳು.

ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದ ಹಾಜಿಸಾಬ. ಅವನ ಹೆಂಡತಿ ಮಾಸುಮಬಿಯ ಗುಡಿಸಲು ತಾಲೀಮಿನ ಹಿಂಗೋಡೆಗೆ ಅಂಟಿಕೊಂಡಿತ್ತು. ಮಕ್ಕಳಿಲ್ಲದ ಆ ಮುದುಕಿಗೆ ಒಂದು ಆಡಿತ್ತು. ಹೊಳೆ ಇಳಿದ ಹೊಸದರಲ್ಲಿ ನೀಲಮ್ಮನ ಅಳು ಕೇಳಲಾರದೆ, ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬೇಲಿಯ ಬಳಿ ಬಂದು ಒಂದು ಗಿಂಡಿ ಹಾಲು ಕೊಡತೊಡಗಿದಳು. ನೀರು ಬೆರೆಸಿ, ಅಜವಾನ ಹಾಕಿ ಕಾಸಿದ ಹಾಲು. ಕೂಸು ಬದುಕಿದ್ದೇ ಅದರಿಂದ. ಸೂಗಮ್ಮನಿಗೆ ಗೊತ್ತಾದರೆ ರಾದ್ಧಾಂತ. ಸಾಬರ ಮನೆಯ ಗಿಂಡಿ ನಮ್ಮ ಒಲೆಯ ಹತ್ತಿರ ಬರಬಾರದೆಂದು ಅವಳ ಕಟ್ಟಪ್ಪಣೆ. ಗುರುದೇವಿಯೂ ಲಿಂಗ ಕಟ್ಟಿದ ಹೆಣ್ಣೇ. ಹಿತ್ತಲಲ್ಲೇ ಕುಳಿತು ಒಳಲೆಯಿಂದ ಕೂಸಿಗೆ ಹನಿ ಹನಿಯಾಗಿ ಕುಡಿಸುತ್ತಿದ್ದಳು. ಬಿಸಿ ಎಷ್ಟಿದೆ ಎಂದು ಬೆರಳದ್ದಿ ನೋಡುತ್ತಿದ್ದಳೇ ಹೊರತು ಒಂದು ಹನಿಯನ್ನೂ ನಾಲಿಗೆಗೆ ಇಟ್ಟವಳಲ್ಲ. ಇಟ್ಟಿದ್ದರೆ... ಇರಲಿ, ಇಡಲಿಲ್ಲ.

ದಿನಗಳು ಹೋದವು. ಹಾಜಿಸಾಬನಿಗೆ ಒಂದು ಒಗಟು ಬಿಡಿಸಲಾಗದೆ ತಲೆ ಕೆಟ್ಟುಹೋಗಿತ್ತು. ಇಷ್ಟು ಹಾಲು ಕುಡಿದೂ ಹುಡುಗನ ಮೈ ತುಂಬುತ್ತಿಲ್ಲ.

"ಪಟ್ಟು ಎಲ್ಲ ಬರ್ತಾವ, ದಮ್ಮೇ ಇಲ್ಲ ಇವಗ," ಎಂದು ಅವನು ಬೇಲಿಯ ಬಳಿ ನಿಂತ ಸೂಗಮ್ಮನಿಗೆ ಹೇಳಿದ. "ಹೊತ್ತು ಮುಳುಗೂದ್ರಾಗ ಕೈಕಾಲು ನಡಗಲಿಕತ್ತಾವ. ಮನ್ಯಾಗ ಹಾಲಿಗಿ ನೀರು ಬೆರಸ್ತೀರೇನವ್ವಾ?"

ಸೂಗಮ್ಮ ನೇರ ಬಂದು ಸೊಸೆಯ ಮೇಲೆ ಹರಿಹಾಯ್ದಳು. ಹಾಲು ಕದಿಯುತ್ತೀಯಾ ಎಂದಳು. ನಿನ್ನ ಕಣ್ಣು ಬಿದ್ದೇ ನನ್ನ ಮಗ ಸೊರಗುತ್ತಿದ್ದಾನೆ ಎಂದಳು. ಕುಸ್ತಿ ಗೆದ್ದ ಮೇಲೂ ಖುರಾಕು ನಿಲ್ಲುವುದಿಲ್ಲ, ಮುಂದೆ ಸೇಡಮ್ಮಿನಲ್ಲಿ ಇನ್ನೂ ದೊಡ್ಡ ಕುಸ್ತಿ ಇದೆ ಎಂದೂ ಅಂದಳು.

ಆ ಕೊನೆಯ ಮಾತೇ ಗುರುದೇವಿಯ ತಲೆ ಕೆಡಿಸಿದ್ದು. ಕುಸ್ತಿ ಮುಗಿಯುವ ತನಕ ತಡೆಯಬೇಕೆಂದು ಗಂಡ ಹೇಳಿದ್ದ. ಇದು ಮುಗಿಯುವುದೇ ಇಲ್ಲವಲ್ಲ! ಗೆದ್ದರೆ ಸೇಡಂ, ಅಲ್ಲಿ ಗೆದ್ದರೆ ಚಿಂಚೋಳಿ... ಇವನು ಒಂದು ಸಲ ಮಣ್ಣು ಮುಕ್ಕಿದರೆ ಮಾತ್ರ ತನ್ನ ಮಗಳಿಗೆ ಹಾಲು. ಹೌದು, ಸೋಲಬೇಕು. ಅವಳ ಗಂಟಿನಲ್ಲಿ ಹೊಟ್ಟೆ ಕಟ್ಟಿದವರಿಗೆ ಭೇದಿಗೆಂದು ಕೊಡುವ ಸೋನಾಮುಖಿ ಎಲೆ ಇತ್ತು.

ಕುಸ್ತಿಯ ಹಿಂದಿನ ಸಂಜೆ ಸೂಗಮ್ಮ ಚಿತ್ತಾಪುರಕ್ಕೆ ಹೊರಡುವವರಿಗೆಲ್ಲ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿದ್ದಳು. "ನೀನೇ ಹಿಂಡಿ ಕೊಡು ಅವಗ," ಎಂದು ಒಲೆಯ ಮುಂದಿನಿಂದಲೇ ಕೂಗಿದಳು. ಗುರುದೇವಿ ಹಿಂಡಿದಳು. ಸೋನಾಮುಖಿಯ ಕಷಾಯ ಸುರಿದಳು. ಕಹಿ ಗೊತ್ತಾಗಬಾರದೆಂದು ಬೆಲ್ಲ ಕಲಸಿದಳು. ಮೇಲೆ ಅರಿವೆ ಕಟ್ಟಿದಳು.

"ವೈನಿ," ಎಂದ ರೇವಣ ತಂಬಿಗೆ ತೆಗೆದುಕೊಳ್ಳುತ್ತ. ಎಷ್ಟೋ ದಿನದ ಮೇಲೆ ಅವಳೊಂದಿಗೆ ಆಡಿದ ಮಾತು. "ನೀಲಿ ಈಗ ನಗತಾಳಂತ? ಅಣ್ಣ ಹೇಳಿದ."

ಅವಳು ಬಗ್ಗಿ ಎಮ್ಮೆಗೆ ಮೇವು ಹಾಕತೊಡಗಿದಳು. ಅವನು ತಂಬಿಗೆ ಹಿಡಿದು ಹೋದ. ದೀಪ ಹಚ್ಚುವ ಹೊತ್ತಿಗೆ ಎಂದಿನಂತೆ ಮಾಸುಮಬಿ ಬೇಲಿಯ ಬಳಿ ಗಿಂಡಿ ತಂದಳು. ಗುರುದೇವಿ ಎಂದಿನಂತೆ ಕೂಸಿಗೆ ಒಳಲೆಯಿಂದ ಕುಡಿಸಿ ಮಲಗಿಸಿದಳು.

ಬೆಳಕು ಹರಿಯುವಾಗ ಬಂಡಿಗಳು ಹೊರಟು ನಿಂತವು. ಶಹಾಬಾದಿನಿಂದ ಮಾಣಿಕಪ್ಪನೂ ಬಂದಿದ್ದ. ಸೂಗಮ್ಮ ರೊಟ್ಟಿಯ ಗಂಟು ಹಿಡಿದು ಮುಂದಿನ ಬಂಡಿಯಲ್ಲಿ ಕುಳಿತಿದ್ದಳು. ತಟ್ಟಿಯ ಸಂದಿಯಿಂದ ಗುರುದೇವಿ ಕಣ್ಣು ನೆಟ್ಟು ನೋಡಿದಳು. ರೇವಣ ಹಗುರಾಗಿ ಜಿಗಿದು ಬಂಡಿ ಹತ್ತಿದ. ಮುಖದಲ್ಲಿ ಆಯಾಸವಿಲ್ಲ, ಹೊಟ್ಟೆಯ ತೊಂದರೆಯ ಸುಳಿವಿಲ್ಲ. ಇದೇನು, ಅಷ್ಟು ಕಷಾಯ ಎಲ್ಲಿ ಹೋಯಿತು? ಅವಳು ಹಾಗೆ ಅಂದುಕೊಳ್ಳುತ್ತಿದ್ದಾಗಲೇ ಮಡಿಲಲ್ಲಿದ್ದ ಕೂಸಿನ ಬಟ್ಟೆ ಒದ್ದೆಯಾಯಿತು. ಬದಲಾಯಿಸಿದಳು. ಮತ್ತೆ ಒದ್ದೆಯಾಯಿತು. ಬಿಸಿಲು ಏರುವಷ್ಟರಲ್ಲಿ ಕೂಸು ನೀರು ನೀರಾಗಿ ಭೇದಿ ಮಾಡಿಕೊಂಡು, ಕಣ್ಣು ಗುಳಿಬಿದ್ದು, ಕತ್ತು ಜೋತುಬಿತ್ತು.

ಗುರುದೇವಿ ಅತ್ತೆಯ ಅಪ್ಪಣೆಯನ್ನು ಮರೆತಳು. ಕೂಸನ್ನೆತ್ತಿಕೊಂಡು ಮಾಸುಮಬಿಯ ಗುಡಿಸಲಿಗೆ ಓಡಿದಳು.

"ಚಾಚೀ, ನಿನ್ನ ಆಡು ಏನು ತಿಂದದ ನಿನ್ನೆ? ಯಾವ ಸೊಪ್ಪು ತಿಂದದ? ನೋಡು ನನ್ನ ಕೂಸಿಗಿ ಏನಾಗ್ಯಾದ..."

ಮಾಸುಮಬಿ ಕೂಸಿನ ಹೊಟ್ಟೆ ಮುಟ್ಟಿ ನೋಡಿದಳು, ತುಟಿ ಬಿಡಿಸಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು:

"ಆಡಿನ ಹಾಲು ಎಲ್ಲಿದು ಬೇಟಿ? ನನ್ನ ಆಡು ದೀಪಾವಳಿಗೇ ಬತ್ತಿ ಹೋತು."

"ಮತ್ತ... ನೀ ದಿನಾ ಕೊಡೂದು?"

"ನಿಮ್ಮ ಎಮ್ಮಿದೇ. ರೇವಣ ಕೊಡ್ತಾನ. ತಾಲೀಮಿನ ಹಿಂದಿನ ಕಿಂಡಿಯಿಂದ ತಂಬಿಗಿ ನನ್ನ ಕೈಯಾಗ ಇಡ್ತಾನ. ನಿನಗ ಬೇಕಾದಷ್ಟು ಇಟ್ಟು, ಉಳಿದದ್ದು ಈ ದಿಬ್ಬದಾಗ ತಾಯಿ ಇಲ್ಲದ ಕೂಸುಗಳಿಗಿ ಹಂಚು ಅಂದಾನ. ಒಂದು ಗುಟುಕು ಕುಡಿದವನಲ್ಲ. ವೈನಿಗಿ ಹೇಳಬ್ಯಾಡ, ಅವ್ವ ಅಕಿನ್ನ ಬೈತಾಳ ಅಂತ ನನ್ನ ಕೈಮ್ಯಾಲ ಆಣಿ ಇಡಿಸ್ಕೊಂಡಾನ. ನಿನ್ನೆ ಮಾತ್ರ ಹಾಲು ಕಡಿಮಿ ಇತ್ತು, ಎಲ್ಲಾ ನಿನಗೇ ತಂದೆ... ಯಾಕ, ಹಿಂಗ್ಯಾಕ ನೋಡ್ತಿ?"

ಗುರುದೇವಿ ತನ್ನ ಕೈಯಾರೆ ಹಿಂಡಿ, ತನ್ನ ಕೈಯಾರೆ ಕಷಾಯ ಸುರಿದು, ತನ್ನ ಕೈಯಾರೆ ಒಳಲೆಯಲ್ಲಿ ಕುಡಿಸಿದ್ದಳು. ಬೆಲ್ಲ ಬೇರೆ ಕಲಸಿದ್ದಳು. ಕಹಿ ತಿಳಿಯದೆ ಕೂಸು ಚಪ್ಪರಿಸಿಕೊಂಡು ಕುಡಿದಿತ್ತಲ್ಲ! ಅಯ್ಯೋ ಶಿವನೇ... ಅವಳಿಗೆ ಅಳುವುದಕ್ಕೂ ಬರಲಿಲ್ಲ. "ಚಾಚೀ, ನಾನೇ... ನಾನೇ ಹಾಕೀನಿ," ಎಂದಷ್ಟೇ ಹೇಳಿ ನೆಲಕ್ಕೆ ಹಣೆ ಚಚ್ಚಿಕೊಂಡಳು.

ಮಾಸುಮಬಿ ಅವಳ ತುರುಬು ಹಿಡಿದು ಮೇಲೆತ್ತಿದಳು. "ಆಮ್ಯಾಲ ಅಳು. ಮೊದಲ ಒಲಿ ಹಚ್ಚು," ಎಂದಳು. ಅಕ್ಕಿಯ ಗಂಜಿಯ ತಿಳಿಗೆ ಉಪ್ಪು ಹಾಕಿ ಹನಿಹನಿಯಾಗಿ ಬಿಟ್ಟರು. ಜಾಯಿಕಾಯಿ ತೇಯ್ದು ನಾಲಿಗೆಗೆ ಸವರಿದರು. ಕುಡಿದದ್ದು ಹೊರಗೆ ಹೋಗುತ್ತಿತ್ತು, ಮತ್ತೆ ಕುಡಿಸುತ್ತಿದ್ದರು. ತಂಬಿಗೆಯ ಹಾಲನ್ನು ಒಂದು ಗುಟುಕೂ ಮುಟ್ಟದ ಹುಡುಗ ಅಲ್ಲಿ ಚಿತ್ತಾಪುರದಲ್ಲಿ ಸೊರಗಿದ ಮೈಯಿಂದ ಕುಸ್ತಿ ಹಿಡಿಯುತ್ತಿದ್ದ. ಇಲ್ಲಿ ಈ ಇಬ್ಬರು ಹೆಂಗಸರು ಒಂದು ಕೂಸಿನ ಉಸಿರನ್ನು ಹಿಡಿದು ಕುಳಿತಿದ್ದರು. ಹೊತ್ತು ಇಳಿಯುವಾಗ ಭೇದಿ ನಿಂತಿತು. ನೀಲಮ್ಮ ಕಣ್ಣು ತೆರೆದು, ಸಣ್ಣದಾಗಿ ದನಿ ತೆಗೆದು ಅತ್ತಳು. ಆಗ ಗುರುದೇವಿಯೂ ಅತ್ತಳು.

ಬಂಡಿಗಳು ಸಂಜೆಗೆ ಮರಳಿದವು. ಬರುವ ರೀತಿಯಲ್ಲೇ ಗೊತ್ತಾಯಿತು. ಹಲಗೆಯ ಸದ್ದಿಲ್ಲ, ಜೈಕಾರವಿಲ್ಲ. ಸೇಡಮ್ಮಿನ ಹುಡುಗನನ್ನು ರೇವಣ ಎರಡು ಸಲ ಎತ್ತಿ ಒಗೆಯುವುದರಲ್ಲಿದ್ದನಂತೆ. ಎರಡೂ ಸಲ ತೋಳು ಸೋತಿತಂತೆ. ಕಡೆಗೆ ಉಸಿರು ಕಟ್ಟಿ ತಾನೇ ಚಿತ್ತಾದನಂತೆ. ಹಿರಿಯರು ಅವನನ್ನು ಮನೆಯವರೆಗೂ ಬಿಡದೆ ಬೈದುಕೊಂಡೇ ಬಂದರು. ಇಡೀ ಊರಿನ ಮರ್ಯಾದೆ ಮಣ್ಣುಪಾಲಾಯಿತಂತೆ. ಹೊಳೆಯಲ್ಲಿ ಊರೇ ಮಣ್ಣುಪಾಲಾದಾಗ ಇವರಾರೂ ಇಷ್ಟು ಬೈದಿರಲಿಲ್ಲ.

ಅಂಗಳದಲ್ಲಿ ಸೂಗಮ್ಮ ಖಾಲಿ ತಂಬಿಗೆಯನ್ನು ಎತ್ತಿ ಸೊಸೆಯ ಕಾಲ ಬುಡಕ್ಕೆ ಎಸೆದಳು.

"ಆತೇನ ಸಮಾಧಾನ? ನಿನ್ನ ಕಣ್ಣು ಹತ್ತಿ ನನ್ನ ಮಗ ಸೋತ. ಎಲ್ಲಿ ಹೋಗಿದ್ದಿ ಇಡೀ ದಿನ? ಆ ಸಾಬರ ಮನ್ಯಾಗ ಕುಂತಿದ್ದಿಯಂತ?"

"ನನ್ನ ಕಣ್ಣಲ್ಲ ಅತ್ತಿ. ನನ್ನ ಕೈ," ಎಂದಳು ಗುರುದೇವಿ.

ಬಚ್ಚಿಟ್ಟುಕೊಳ್ಳಬಹುದಿತ್ತು. ಮಾಸುಮಬಿ ಬಾಯಿ ಬಿಡುವವಳಲ್ಲ. ಆದರೆ ತಲೆ ತಗ್ಗಿಸಿ ಬೈಗುಳ ತಿನ್ನುತ್ತ ನಿಂತ ಆ ಹುಡುಗನ ಮುಖ ನೋಡಿ ಅವಳಿಂದ ಸುಮ್ಮನಿರಲಾಗಲಿಲ್ಲ. ಹಿರಿಯರ ಎದುರಿಗೇ, ಸೆರಗು ಕೂಡ ಸರಿಮಾಡಿಕೊಳ್ಳದೆ, ಎಲ್ಲವನ್ನೂ ಹೇಳಿದಳು. ಸೋನಾಮುಖಿ ಹಾಕಿದ್ದನ್ನು ಹೇಳಿದಳು. ಆ ಹಾಲು ಯಾರ ಹೊಟ್ಟೆ ಸೇರಿತೆಂಬುದನ್ನು ಹೇಳಿದಳು. ದೀಪಾವಳಿಯಿಂದ ರೇವಣ ಒಂದು ಗುಟುಕೂ ಕುಡಿದಿಲ್ಲವೆಂಬುದನ್ನೂ ಹೇಳಿದಳು.

ಮಾಣಿಕಪ್ಪನಿಗೆ ಅಂದೇ ಗಂಡಸುತನ ನೆನಪಾಯಿತು ನೋಡಿ. "ನನ್ನ ತಮ್ಮಗ ವಿಷ ಹಾಕ್ತೀಯೇನ?" ಎಂದು ಹೆಂಡತಿಯ ಮೇಲೆ ಕೈಯೆತ್ತಿದ. ಆ ಕೈ ಕೆಳಗಿಳಿಯಲಿಲ್ಲ. ರೇವಣ ಹಿಂದಿನಿಂದ ಮಣಿಕಟ್ಟು ಹಿಡಿದಿದ್ದ. ಅಂದು ದಿನವಿಡೀ ಹಾಕಿದ ಪಟ್ಟುಗಳಲ್ಲಿ ಬಿಡಿಸಿಕೊಳ್ಳಲಾಗದ್ದು ಅದೊಂದೇ.

"ಕೈ ಎತ್ತಬ್ಯಾಡ ಅಣ್ಣ. ಕೂಸಿಗಿ ಹಾಲು ಕೊಡವ್ವಾ ಅಂತ ಒಂದು ಮಾತು ನಿನ್ನ ಬಾಯಾಗ ಬಂದಿದ್ರ ವೈನಿಗಿ ಈ ಗತಿ ಬರ್ತಿದ್ದಿಲ್ಲ. ನನಗೂ ಕಳ್ಳತನ ಮಾಡೂ ಪಾಳಿ ಬರ್ತಿದ್ದಿಲ್ಲ."

ಮಾಣಿಕಪ್ಪನ ತೋಳು ಸಡಿಲವಾಯಿತು. ಸೂಗಮ್ಮ ಮಾತ್ರ ಮಗನನ್ನೇ ನೋಡುತ್ತಿದ್ದಳು, ಅವನ ಬತ್ತಿದ ಕೆನ್ನೆಗಳನ್ನು, ಎದ್ದು ಕಾಣುವ ಪಕ್ಕೆಲುಬುಗಳನ್ನು. ಇಷ್ಟು ದಿನ ಎದುರಿಗೇ ಇದ್ದವನು.

"ನನಗ ಯಾಕ ಹೇಳಲಿಲ್ಲೋ?" ಎಂದಳು. "ನಿಮ್ಮಪ್ಪನ ಹೆಸರು ಉಳೀಲಿ ಅಂತ ನಾ ಜೀವ ಬಿಡಲಿಕತ್ತಿದ್ದೆ..."

"ಅಪ್ಪ ಕೊಟ್ಟಿಗಿಗಿ ಹೋಗೂ ಮುಂದ ನನಗ ಒಂದೇ ಮಾತು ಹೇಳಿದ್ದವ್ವಾ. 'ಕೂಸಿನ್ನ ಮ್ಯಾಲ ಒಯ್ಯಿ' ಅಂದ. ಕುಸ್ತಿ ಗೆಲ್ಲು ಅಂತ ಅಂದಿದ್ದಿಲ್ಲ."

ಸೂಗಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಗಂಡ ಸತ್ತಾಗ ಹೆಂಗಸರೆಲ್ಲ ಸೇರಿ ಅಳಿಸಲು ನೋಡಿದರೂ ಅಳದವಳು, ಅಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಅವರು ಬುದ್ಧಿ ಕಲಿತರು ಎಂದು ಹೇಳಿದರೆ ಸುಳ್ಳಾದೀತು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಬರುವ ವರ್ಷ ಯಾವ ಹುಡುಗನನ್ನು ತಯಾರು ಮಾಡುವುದೆಂದು ಲೆಕ್ಕ ಹಾಕುತ್ತಿದ್ದರು. ಬಾಣಂತಿಯರ ತಟ್ಟಿಗೆ ಇನ್ನೂ ಗೋಡೆ ಬಂದಿರಲಿಲ್ಲ. ಹಾಜಿಸಾಬ ಮಾತ್ರ ಕಟ್ಟೆಗೆ ಬಾರದೆ, ತಾಲೀಮಿಗೆಂದು ತರಿಸಿ ಉಳಿದಿದ್ದ ಪರಸಿಗಳನ್ನು ಒಬ್ಬನೇ ಹೊತ್ತು ತಂದು ಗುರುದೇವಿಯ ತಟ್ಟಿಯ ಬಳಿ ನಿಲ್ಲಿಸುತ್ತಿದ್ದ. ಮಾಣಿಕಪ್ಪ ಅಂದು ಶಹಾಬಾದಿಗೆ ಹೋಗದೆ, ಅವನೊಂದಿಗೆ ಕೈಜೋಡಿಸಿದ.

ಎಮ್ಮೆಯನ್ನು ಅಂದು ಸೂಗಮ್ಮ ಹಿಂಡಿದಳು. ಹಿಂಡಿ, ಸೊಸೆಯ ಮುಖ ನೋಡದೆ, ಅರಿವೆ ಕಟ್ಟದ ತಂಬಿಗೆಯನ್ನು ಅವಳ ಮುಂದಿಟ್ಟಳು. ಕ್ಷಮಿಸು ಎಂದು ಅವಳೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ಅಷ್ಟು ಬೇಗ ಬಾಯಿಗೆ ಬರುವ ಮಾತಲ್ಲ ಅದು. ಗುರುದೇವಿ ಕೂಸಿಗೆ ಬೇಕಾದಷ್ಟು ತೆಗೆದಿಟ್ಟಳು. ಮಾಸುಮಬಿಯ ಗಿಂಡಿಗೆ ಸುರಿದಳು. ಅತ್ತೆ ಅದನ್ನು ಕಂಡೂ ಸುಮ್ಮನಿದ್ದಳು. ಉಳಿದದ್ದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಮೈದುನನ ಬಳಿಗೆ ಹೋದಳು.

"ಕೊಡ್ರಿ ವೈನಿ, ತಾಲೀಮಿನ್ಯಾಗ ಕುಡೀತೀನಿ," ಎಂದ ರೇವಣ, ಅಭ್ಯಾಸದಂತೆ ಕೈ ಚಾಚಿ.

"ಬ್ಯಾಡ. ಇಲ್ಲೇ ಕುಡಿ. ನನ್ನ ಮುಂದ."

"ಖುರಾಕು ಯಾರೂ ನೋಡಬಾರ್ದು..."

ಗುರುದೇವಿ ತಂಬಿಗೆ ಬಾಗಿಸಿ ತನ್ನ ಬೊಗಸೆಗೆ ಒಂದಿಷ್ಟು ಸುರಿದುಕೊಂಡು, ಮೊದಲು ತಾನು ಕುಡಿದಳು. ಅವನು ನೋಡುತ್ತಿದ್ದಂತೆಯೇ ನುಂಗಿದಳು. ಆಮೇಲೆ ತಂಬಿಗೆಯನ್ನು ಅವನ ಕೈಗಿತ್ತಳು. ದಿಷ್ಟಿಗೆ ಹೆದರಿ ಸೂಗಮ್ಮ ಆ ಕಡೆ ಮುಖ ತಿರುಗಿಸಿದಳು. ಗುರುದೇವಿ ತಿರುಗಿಸಲಿಲ್ಲ. ಅವನು ಕೊನೆಯ ಗುಟುಕು ಕುಡಿದು ತಂಬಿಗೆ ಕೆಳಗಿಳಿಸುವವರೆಗೂ ಅವಳು ಅವನನ್ನೇ ನೋಡುತ್ತ ನಿಂತಳು.